ಆಗುಂಬೆಯಲ್ಲಿ ಸುರಿಯುವ ಮೋಡ ಚಳ್ಳಕೆರೆಯಲ್ಲಿ ಯಾಕೆ ಸುರಿಯಲ್ಲ? ಒಂದು ಪ್ರಕರಣ ಅಧ್ಯಯನ

ಪುನರ್ವಸು ಮಳೆಯ ದಿನಗಳು. ಚಳ್ಳಕೆರೆಯ ನಮ್ಮ ಮನೆಯ ಅಂಗಳದಲ್ಲಿ ನಿಂತು ಅವ್ವ ಮೇಲೆ ನೋಡುತ್ತಿದ್ದಳು. ಪಡುವಣದಿಂದ ಮೂಡಣಕ್ಕೆ ಮೋಡಗಳು ಓಡುತ್ತಿದ್ದವು. ಒಂದರ ಹಿಂದೆ ಒಂದು, ಬಿಡುವಿಲ್ಲದೆ. ಹೊಲದಲ್ಲಿ ಶೇಂಗಾ ಹುಟ್ಟಿ ಎರಡು ವಾರ ಆಗಿತ್ತು. ನೆಲದ ಹಸಿ ಆರುತ್ತಾ ಬಂದಿತ್ತು.

ಅದೇ ಹೊತ್ತಿಗೆ ಅಕ್ಕನ ಫೋನ್ ಬಂತು. ಅಕ್ಕನನ್ನು ಕೊಟ್ಟಿರುವುದು ಆಗುಂಬೆ ಹತ್ತಿರದ ಒಂದು ಹಳ್ಳಿಗೆ. ‘ಎಂಟು ದಿನದಿಂದ ಒಂದೇ ಸಮ ಹುಯ್ತಿದೆ ಕಣೋ. ಬಟ್ಟೆ ಎಲ್ಲಾ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಿದೀನಿ. ಅಡಕೆಗೆ ಕೊಳೆ ಬೀಳುತ್ತೆ ಅಂತ ನಿಮ್ಮ ಭಾವ ಔಷಧಿ ಹೊಡೆಸೋಕೆ ಕಾಯ್ತಿದಾರೆ. ಒಂದು ದಿನ ಹೊಳವಾದ್ರೆ ಸಾಕಿತ್ತು’ ಅಂದಳು.

ಫೋನಿಟ್ಟ ಮೇಲೆ ಅವ್ವ ಕೇಳಿದಳು. ‘ಅಲ್ಲಿ ಸುರಿಯೋ ಮೋಡ ಇವೇ ಅಲ್ವಾ? ನಮ್ಮ ತಲೆ ಮೇಲೇ ಹೋಗ್ತಾವೆ, ಒಂದು ಹನಿ ಹಾಕಲ್ಲ. ಯಾಕೆ?’

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ‘ನಮ್ಮದು ಮಳೆ ನೆರಳಿನ ಪ್ರದೇಶ ಅವ್ವ’ ಅಂತ ಹೇಳಿ ಮುಗಿಸಬಹುದಿತ್ತು. ಪುಸ್ತಕದಲ್ಲಿ ಅಷ್ಟೇ ಇರುವುದು. ಆದರೆ ಅದು ಊರಿಗೆ ಇಟ್ಟ ಹೆಸರು, ಅವ್ವನ ಪ್ರಶ್ನೆಗೆ ಉತ್ತರ ಆಗಲಿಲ್ಲ. ಮೋಡ ಕಣ್ಣಿಗೆ ಕಾಣುತ್ತಿದೆ. ಮೋಡ ಅಂದರೆ ನೀರೇ. ಹಾಗಾದರೆ ಅದು ಬೀಳದೆ ಇರುವುದಕ್ಕೆ ಕಾರಣ ಬೇಕಲ್ಲ? ಅದಕ್ಕೆ ಒಂದು ದಾರಿಯನ್ನೇ ಪ್ರಕರಣ ಅಂತ ಹಿಡಿದೆ. ಮಲ್ಪೆಯ ಕಡಲಿನಿಂದ ಉಡುಪಿ, ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗ, ಕೊನೆಗೆ ಚಳ್ಳಕೆರೆ. ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಮುಂಗಾರು ಗಾಳಿಗೂ ಹೆಚ್ಚು ಕಡಿಮೆ ಅಷ್ಟೇ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಬೀಸಿದರೆ ಬೆಳಿಗ್ಗೆ ಕಡಲು ಬಿಟ್ಟ ಗಾಳಿ ಮಧ್ಯಾಹ್ನಕ್ಕೆ ನಮ್ಮೂರ ಮೇಲಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಚಳ್ಳಕೆರೆಗೆ ಬರುವ ಗಾಳಿ ಸರಿಯಾಗಿ ಆಗುಂಬೆಯ ಮೇಲೇ ಹಾದು ಬರುತ್ತದೆ ಅಂತಿಲ್ಲ. ಸ್ವಲ್ಪ ಉತ್ತರಕ್ಕೆ, ಶರಾವತಿ ಕಡೆಯ ಘಟ್ಟ ಹತ್ತಿ ಬರುವುದೇ ಜಾಸ್ತಿ. ಆದರೆ ಗೋಡೆ ಒಂದೇ. ಅದಕ್ಕೆ ಎಲ್ಲರಿಗೂ ಗೊತ್ತಿರುವ ಆಗುಂಬೆಯನ್ನೇ ಇಟ್ಟುಕೊಂಡಿದ್ದೇನೆ.

ದಾರಿಯುದ್ದಕ್ಕೂ ವರ್ಷದ ಮಳೆ ಹೇಗೆ ಬದಲಾಗುತ್ತದೆ ನೋಡಿ. ಉಡುಪಿಯಲ್ಲಿ ಸುಮಾರು 4,000 ಮಿ.ಮೀ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಅಲ್ಲಿಂದ ಬರೀ 30 ಕಿ.ಮೀ. ಆಚೆ ಇರುವ ತೀರ್ಥಹಳ್ಳಿಯಲ್ಲಿ 3,000ದ ಆಸುಪಾಸು. ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ ಸಾವಿರಕ್ಕೂ ಕಡಿಮೆ. ಚಿತ್ರದುರ್ಗದಲ್ಲಿ 650ರ ಹತ್ತಿರ. ನಮ್ಮ ಚಳ್ಳಕೆರೆಯಲ್ಲಿ 500 ಮುಟ್ಟಿದರೆ ಒಳ್ಳೆಯ ವರ್ಷ. 1946ರ ಆಗಸ್ಟ್ ತಿಂಗಳೊಂದರಲ್ಲೇ ಆಗುಂಬೆಯಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ನಮ್ಮೂರಿಗೆ ಅಷ್ಟು ಮಳೆ ಬರಬೇಕಾದರೆ ಒಂಬತ್ತು ವರ್ಷ ಬೇಕು.

ಕಡಲ ದಂಡೆಯಲ್ಲಿ: ಕಾಣದ ನೀರು

ಮಲ್ಪೆಯಲ್ಲಿ ಜುಲೈ ಬೆಳಿಗ್ಗೆ ನಿಂತರೆ ಮೈ ಅಂಟಂಟು. ಬೆವರು ಆರುವುದೇ ಇಲ್ಲ. ಹೋಟೆಲಿನಲ್ಲಿ ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟ ಇಟ್ಟರೆ ಎರಡೇ ನಿಮಿಷದಲ್ಲಿ ಹೊರಮೈಗೆ ಹನಿ ಕೂರುತ್ತದೆ. ಲೋಟದೊಳಗಿನ ನೀರು ಹೊರಗೆ ಬಂದಿಲ್ಲ. ಆ ಹನಿ ಗಾಳಿಯಲ್ಲಿ ಇದ್ದದ್ದು.

ಗಾಳಿಯಲ್ಲಿರುವ ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಇಡ್ಲಿ ಪಾತ್ರೆಯಿಂದ ಬಿಳಿಯಾಗಿ ಏಳುತ್ತದಲ್ಲ, ಅದನ್ನು ನಾವು ಆವಿ ಅನ್ನುತ್ತೇವೆ. ನಿಜವಾಗಿ ಅದು ಆಗಲೇ ಹನಿಗಟ್ಟಿದ ನೀರು. ಪಾತ್ರೆಯ ಬಾಯಿಗೂ ಆ ಬಿಳಿ ಹೊಗೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ ಕಾಣುತ್ತದೆ. ಆವಿ ಇರುವುದು ಆ ಖಾಲಿ ಜಾಗದಲ್ಲಿ. ಮೋಡದ ಕಥೆಯೂ ಹೀಗೇ. ಮೋಡ ಅಂದರೆ ಆವಿ ಅಂತ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದು ತಪ್ಪು. ಮೋಡ ಅಂದರೆ ಕೋಟ್ಯಂತರ ಸಣ್ಣ ಹನಿಗಳು. ತುಂಬಾ ಎತ್ತರದಲ್ಲಾದರೆ ಮಂಜುಗಡ್ಡೆಯ ಹರಳುಗಳು. ಆವಿಯಿಂದ ಹನಿಗೆ ಬರುವುದು ಒಂದು ಹೆಜ್ಜೆ, ಹನಿಯಿಂದ ಮಳೆಗೆ ಬರುವುದು ಇನ್ನೊಂದು. ಅವ್ವನ ಪ್ರಶ್ನೆಯ ಉತ್ತರ ಈ ಎರಡು ಹೆಜ್ಜೆಗಳಲ್ಲೇ ಇದೆ.

ಗಾಳಿ ಬಿಸಿ ಇದ್ದಷ್ಟೂ ಅದರಲ್ಲಿ ಜಾಸ್ತಿ ಆವಿ ಇರಬಹುದು. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ. 25 ಡಿಗ್ರಿಯಲ್ಲಿ 23 ಗ್ರಾಂ. 20 ಡಿಗ್ರಿಯಲ್ಲಿ 17. 10 ಡಿಗ್ರಿಗೆ ಇಳಿದರೆ 9ರ ಸುಮಾರು. ಆ ಮಿತಿ ದಾಟಿದ್ದೆಲ್ಲ ಹನಿಯಾಗಬೇಕು. ಗಾಳಿಯನ್ನು ತಣಿಸುತ್ತಾ ಹೋದರೆ ಯಾವ ಉಷ್ಣತೆಯಲ್ಲಿ ಹನಿ ಶುರುವಾಗುತ್ತದೋ ಅದಕ್ಕೆ ಇಬ್ಬನಿ ಬಿಂದು ಅಂತ ಹೆಸರು. ಮಳೆಗಾಲದ ಕರಾವಳಿಯಲ್ಲಿ ಗಾಳಿ 27 ಡಿಗ್ರಿ ಇದ್ದರೆ ಇಬ್ಬನಿ ಬಿಂದು 25ರ ಹತ್ತಿರ ಇರುವುದು ಸಾಮಾನ್ಯ. ಅಂದರೆ ಆ ಗಾಳಿ ಹನಿಯಾಗಲು ಎರಡೇ ಡಿಗ್ರಿ ದೂರದಲ್ಲಿದೆ. ಹಾಗಾದರೆ ಅದನ್ನು ತಣಿಸುವುದು ಯಾವುದು?

ಹದಿನಾಲ್ಕು ತಿರುವು

ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಗೊತ್ತು, ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹಾಗೆಯೇ ತುಂಬಿದ ಟಯರಿನ ವಾಲ್ವ್ ಒತ್ತಿದಾಗ ಹೊರಗೆ ನುಗ್ಗುವ ಗಾಳಿ ಬೆರಳಿಗೆ ತಣ್ಣಗೆ ತಾಗುತ್ತದೆ. ಹಿಗ್ಗಿದರೆ ಅದು ತಣಿಯುತ್ತದೆ. ಮೇಲೆ ಹೋದಂತೆ ಒತ್ತಡ ಕಡಿಮೆ. ಹಾಗಾಗಿ ಮೇಲಕ್ಕೆ ಏರಿದ ಗಾಳಿ ಹಿಗ್ಗಿ ತಣಿಯುತ್ತದೆ. 100 ಮೀಟರಿಗೆ ಸುಮಾರು ಒಂದು ಡಿಗ್ರಿ. ತಣಿಸಲು ಬೇರೆ ಯಾವ ಯಂತ್ರವೂ ಬೇಡ, ಎತ್ತಿದರೆ ಸಾಕು.

ಲೆಕ್ಕ ಸರಳ. ಏರುವಾಗ ಇಬ್ಬನಿ ಬಿಂದುವೂ ಸ್ವಲ್ಪ ಇಳಿಯುತ್ತದೆ, ಅದಕ್ಕೆ 100ರ ಬದಲು 125 ಹಿಡಿಯಬೇಕು. ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ಬುಡ ಎಷ್ಟು ಮೀಟರ್ ಎತ್ತರದಲ್ಲಿದೆ ಅಂತ ಸಿಗುತ್ತದೆ. ಕರಾವಳಿಯ ಗಾಳಿಗೆ ಎರಡು ಡಿಗ್ರಿ ಅಂತರ. ಅಂದರೆ 250 ಮೀಟರ್. ಆಗುಂಬೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲೆ. ಮೋಡದ ಬುಡ ಘಟ್ಟದ ಅರ್ಧಕ್ಕೂ ಕೆಳಗೇ ಆಯ್ತು!

ಸೋಮೇಶ್ವರದಿಂದ ಬಸ್ಸು ಘಟ್ಟ ಹತ್ತುವಾಗ ಇದು ಕಣ್ಣಿಗೇ ಕಾಣುತ್ತದೆ. ಕೆಳಗೆ ಮಳೆ ಇದ್ದರೂ ರಸ್ತೆ ಸ್ಪಷ್ಟ. ಕೆಲವು ತಿರುವು ಹತ್ತುವಷ್ಟರಲ್ಲಿ ಕಾಡಿನ ಮರಗಳು ಬೆಳ್ಳಗೆ ಮಸುಕಾಗುತ್ತವೆ. ಡ್ರೈವರು ಲೈಟ್ ಹಾಕುತ್ತಾನೆ. ಹದಿನಾಲ್ಕನೆಯ ತಿರುವಿಗೆ ಬಂದರೆ ಹತ್ತು ಮಾರು ಮುಂದಿನದು ಕಾಣುವುದಿಲ್ಲ. ‘ಏನು ಮಂಜು ಮಾರಾಯ’ ಅನ್ನುತ್ತಾರೆ ಬಸ್ಸಿನವರು. ಅದು ಮೋಡವೇ. ಚಳ್ಳಕೆರೆಯಲ್ಲಿ ಅವ್ವ ತಲೆಯೆತ್ತಿ ನೋಡುವುದನ್ನು ಆಗುಂಬೆಯವರು ಅಂಗಳದಲ್ಲೇ ಮುಟ್ಟುತ್ತಾರೆ. ಕಿಟಕಿ ತೆರೆದಿಟ್ಟರೆ ಅದು ಮನೆಯೊಳಗೇ ಬರುತ್ತದೆ. ಅಕ್ಕನ ಬಟ್ಟೆ ಒಣಗದೆ ಇರುವುದಕ್ಕೆ ಮಳೆಯೊಂದೇ ಕಾರಣ ಅಲ್ಲ. ಅವಳ ಮನೆ ಮೋಡದೊಳಗೇ ಇದೆ.

ಹತ್ತು ಲಕ್ಷ ಸೇರಿ ಒಂದು

ಮೋಡ ಆಯಿತು. ಇನ್ನು ಮಳೆ ಆಗಬೇಕು. ಇದು ಅಷ್ಟು ಸುಲಭ ಅಲ್ಲ. ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಈ ಭಾಗವೇ.

ಆವಿ ಸುಮ್ನೆ ತಾನಾಗಿ ಹನಿ ಆಗುವುದಿಲ್ಲ, ಕೂರಲು ಒಂದು ಕಣ ಬೇಕು. ಧೂಳು, ಹೊಗೆ, ಉಪ್ಪು, ಏನಾದರೂ ಸರಿ. ಮಲೆನಾಡಿನ ಅಡುಗೆ ಮನೆಯಲ್ಲಿ ಮಳೆಗಾಲಕ್ಕೆ ಉಪ್ಪಿನ ಭರಣಿ ನೀರೊಡೆಯುತ್ತದೆ ಅಲ್ವಾ? ಉಪ್ಪು ಗಾಳಿಯ ಆವಿಯನ್ನು ಎಳೆದುಕೊಳ್ಳುತ್ತದೆ. ಆಕಾಶದಲ್ಲೂ ಅದೇ ನಡೆಯುತ್ತದೆ. ಅರಬ್ಬಿ ಕಡಲಿನ ಅಲೆ ಒಡೆದಾಗ ಸಿಡಿದ ನೀರು ಆರಿ, ಉಪ್ಪಿನ ಸಣ್ಣ ಕಣ ಗಾಳಿಗೆ ಸೇರುತ್ತದೆ. ಅದರ ಸುತ್ತ ಹನಿ ಕಟ್ಟುತ್ತದೆ.

ಹೀಗೆ ಹುಟ್ಟಿದ ಮೋಡದ ಹನಿ ಎಷ್ಟು ದೊಡ್ಡದು? ಅಡ್ಡಳತೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅದು ಬೀಳುವುದು ಸೆಕೆಂಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ. ಒಂದು ಕಿ.ಮೀ. ಇಳಿಯಲು ಹೆಚ್ಚು ಕಡಿಮೆ ಒಂದು ದಿನ. ಅಷ್ಟರಲ್ಲಿ ಸಣ್ಣ ಏರುಗಾಳಿ ಬಂದರೂ ಅದು ಮತ್ತೆ ಮೇಲೆ ಹೋಗುತ್ತದೆ. ಮೋಡ ತೇಲುತ್ತದೆ ಅನ್ನುವುದು ಇದಕ್ಕೇ. ಅದು ಬೀಳುತ್ತಲೇ ಇರುತ್ತದೆ, ಆದರೆ ನೆಲ ಮುಟ್ಟುವಷ್ಟು ವೇಗ ಇಲ್ಲ. ಎರಡು ಮಿಲಿಮೀಟರಿನ ಮಳೆಹನಿ ಸೆಕೆಂಡಿಗೆ ಆರು ಮೀಟರಿಗೂ ಜಾಸ್ತಿ ವೇಗದಲ್ಲಿ ಬೀಳುತ್ತದೆ. ಅದೇ ಒಂದು ಕಿ.ಮೀ. ಅದಕ್ಕೆ ಮೂರು ನಿಮಿಷವೂ ಬೇಡ. ಅಂಥ ಒಂದು ಮಳೆಹನಿ ಆಗಬೇಕಾದರೆ ಮೋಡದ ಹತ್ತು ಲಕ್ಷ ಹನಿ ಸೇರಬೇಕು.

ಹತ್ತು ಲಕ್ಷ ಹೇಗೆ ಸೇರುತ್ತವೆ? ಎಲ್ಲ ಹನಿಯೂ ಒಂದೇ ಗಾತ್ರದಲ್ಲಿದ್ದರೆ ಎಲ್ಲವೂ ಒಂದೇ ವೇಗದಲ್ಲಿ ತೇಲಿಕೊಂಡು ಹೋಗುತ್ತವೆ, ಡಿಕ್ಕಿ ಹೊಡೆಯುವುದೇ ಇಲ್ಲ. ದೊಡ್ಡ ಉಪ್ಪಿನ ಕಣದ ಮೇಲೆ ಹುಟ್ಟಿದ ಕೆಲವು ಹನಿಗಳು ಉಳಿದವಕ್ಕಿಂತ ದಪ್ಪ ಇರುತ್ತವೆ. ಅವು ಬೇಗ ಬೀಳುತ್ತವೆ. ಬೀಳುತ್ತಾ ದಾರಿಯಲ್ಲಿ ಸಿಕ್ಕ ಸಣ್ಣ ಹನಿಗಳನ್ನು ಸೇರಿಸಿಕೊಳ್ಳುತ್ತವೆ. ಸೇರಿಸಿಕೊಂಡಷ್ಟೂ ವೇಗ, ವೇಗ ಬಂದಷ್ಟೂ ಇನ್ನಷ್ಟು ಸೇರಿಕೆ. ಆಗುಂಬೆಯ ಜುಲೈ ಮಳೆ ಬಹುಪಾಲು ಹೀಗೇ ಆಗುವುದು. ಮಳೆಗಾಲದಲ್ಲಿ ನಮ್ಮ ಮೇಲೆ ನೀರು ಹೆಪ್ಪುಗಟ್ಟುವ ಎತ್ತರ 5 ಕಿ.ಮೀ.ಗೂ ಮೇಲಿದೆ. ಘಟ್ಟದ ಮೋಡಗಳು ಅಷ್ಟು ಮೇಲೆ ಬೆಳೆಯಬೇಕಾದ ಅಗತ್ಯವೇ ಬರುವುದಿಲ್ಲ. ಮಲೆನಾಡಿನವರು ಇದನ್ನು ಬೇರೆ ರೀತಿಯಲ್ಲಿ ಬಲ್ಲರು. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಅಬ್ಬರ. ಜಡಿಮಳೆ ಹಿಡಿದ ಮೇಲೆ ಗುಡುಗು ಕೇಳುವುದೇ ಅಪರೂಪ. ಗುಡುಗಬೇಕಾದರೆ ಮೋಡದಲ್ಲಿ ಮಂಜುಗಡ್ಡೆ ಇರಬೇಕು, ಮೋಡ ಅಷ್ಟು ಎತ್ತರ ಬೆಳೆದಿರಬೇಕು.

ಒಂದು ಮೀಟರ್ ಘಟ್ಟದ ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಾನು ಮಕ್ಕಳ ಹತ್ತಿರ ಇದನ್ನು ಬೋರ್ಡಿನ ಮೇಲೆ ಮಾಡಿಸಿದ್ದೇನೆ. ಉತ್ತರ ಬಂದಾಗ ತರಗತಿ ಪೂರ್ತಿ ಸದ್ದಡಗಿತ್ತು.

ಘಟ್ಟದ ಅಂಚಿನಲ್ಲಿ ಒಂದೇ ಒಂದು ಮೀಟರ್ ಅಗಲದ ಪಟ್ಟಿ ಇಟ್ಟುಕೊಳ್ಳಿ. ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದು ಅದನ್ನು ಹತ್ತುತ್ತಿದೆ. ಹಾಗೆ ಹತ್ತುವ ಗಾಳಿಯ ಪದರ ಒಂದು ಕಿ.ಮೀ. ದಪ್ಪ ಇದೆ ಅಂದುಕೊಳ್ಳಿ. ಒಂದು ಗಂಟೆಯಲ್ಲಿ ಹಾದುಹೋಗುವ ಗಾಳಿ 3 ಕೋಟಿ 60 ಲಕ್ಷ ಘನ ಮೀಟರ್. ಏರುವಾಗ ಪ್ರತಿ ಘನ ಮೀಟರಿನಿಂದ ಒಂದೇ ಒಂದು ಗ್ರಾಂ ನೀರು ಮಳೆಯಾಗಿ ಬೀಳಲಿ. 23 ಗ್ರಾಂನಲ್ಲಿ ಒಂದು ಗ್ರಾಂ. ಆಯಿತಲ್ಲ, ಗಂಟೆಗೆ 36,000 ಲೀಟರ್! ಒಂದು ಮೀಟರ್ ಅಗಲಕ್ಕೆ ಗಂಟೆಗೆ ಮೂರು ದೊಡ್ಡ ಟ್ಯಾಂಕರ್ ನೀರು. ಅದನ್ನು 10 ಕಿ.ಮೀ. ಉದ್ದದ ಇಳಿಜಾರಿನ ಮೇಲೆ ಹರಡಿದರೆ ಗಂಟೆಗೆ 3.6 ಮಿ.ಮೀ. ದಿನಕ್ಕೆ 86 ಮಿ.ಮೀ. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ 2,000 ಮಿ.ಮೀ.ಗಿಂತ ಜಾಸ್ತಿ ಮಳೆ ಬರುವುದು ಮಾಮೂಲು. ದಿನಕ್ಕೆ ಹಂಚಿದರೆ 65 ಮಿ.ಮೀ.ಗೆ ಮೇಲೆ. ನಮ್ಮ ಒರಟು ಲೆಕ್ಕ ಅದರ ಹತ್ತಿರವೇ ಬಂದು ನಿಂತಿತು.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಆ ಒಂದು ಗ್ರಾಂ. ಗಾಳಿಯ ಆವಿಯೆಲ್ಲ ಆಗುಂಬೆಯಲ್ಲಿ ಖಾಲಿಯಾಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಅಷ್ಟೊಂದು ಮಳೆ ಸುರಿಸಲು ಗಾಳಿ ತನ್ನ ಗಂಟಿನ ಸಣ್ಣ ಪಾಲನ್ನು ಬಿಚ್ಚಿದರೆ ಸಾಕು. ಬಿಚ್ಚುವ ಕೆಲಸ ನಿಲ್ಲದೆ ನಡೆಯಬೇಕು ಅಷ್ಟೇ.

ಇದರಿಂದಲೇ ಇನ್ನೆರಡು ವಿಷಯ ತಿಳಿಯುತ್ತವೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಆಗುಂಬೆಗಿಂತ ಮೂರು ಪಟ್ಟು ಎತ್ತರ. ಮಳೆ ಮಾತ್ರ ಆಗುಂಬೆಯಷ್ಟಿಲ್ಲ. ಅದು ಒಳಗಿನ ಸಾಲಿನಲ್ಲಿದೆ. ಕಡಲ ಗಾಳಿಗೆ ಮೊದಲು ಎದುರಾಗುವ ಗೋಡೆಗೇ ಹೆಚ್ಚು ನೀರು. ಘಟ್ಟದ ಅಂಚಿನಲ್ಲೇ ಇರುವ ಹುಲಿಕಲ್ ಕಡೆಯೂ ಹಾಗೇ. ಕೆಲವು ವರ್ಷ ಅಲ್ಲಿ ಆಗುಂಬೆಯನ್ನೂ ಮೀರಿ ಸುರಿಯುತ್ತದೆ.

ಎರಡನೆಯದು, ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಕರಾವಳಿಯಲ್ಲಿ ಭಾರಿ ಮಳೆ’ ಅಂತ ಟಿವಿಯಲ್ಲಿ ಬರುತ್ತದಲ್ಲ. ಕುಸಿತ ಆದದ್ದು ಪೂರ್ವದ ಕಡಲಲ್ಲಿ, ಮಳೆ ಪಶ್ಚಿಮದ ಕರಾವಳಿಯಲ್ಲಿ. ಏನು ಸಂಬಂಧ? ಆ ಕುಸಿತ ಅರಬ್ಬಿ ಕಡಲಿನ ಗಾಳಿಯನ್ನು ಜೋರಾಗಿ ತನ್ನ ಕಡೆ ಎಳೆಯುತ್ತದೆ. ಗಾಳಿ ಜೋರಾದರೆ ಗಂಟೆಗೆ ಘಟ್ಟ ಹತ್ತುವ ಗಾಳಿಯೂ ಜಾಸ್ತಿ, ಲೆಕ್ಕದ ಟ್ಯಾಂಕರುಗಳೂ ಜಾಸ್ತಿ. ಗಾಳಿ ಸೋತ ದಿನ ಆಗುಂಬೆಯಲ್ಲೂ ಹೊಳವಾಗುತ್ತದೆ. ಭಾವ ಕಾಯುತ್ತಿದ್ದ ದಿನ ಅದೇ.

ಘಟ್ಟದ ಆಚೆ

ಆಗುಂಬೆ ದಾಟಿದ ಮೇಲೆ ಬಸ್ಸು ಮತ್ತೆ ಅಷ್ಟು ಕಡಿದಾಗಿ ಇಳಿಯುವುದಿಲ್ಲ. ಶಿವಮೊಗ್ಗ, ಚಳ್ಳಕೆರೆ ಎರಡೂ 600 ಮೀಟರಿನ ಆಸುಪಾಸಿನಲ್ಲೇ ಇವೆ. ನೆಲ ಹೆಚ್ಚು ಕಡಿಮೆ ಒಂದೇ ಮಟ್ಟ. ಆದರೆ ಗಾಳಿಯನ್ನು ಮೇಲೆ ನೂಕಲು ಎದುರಿಗೆ ಗೋಡೆ ಇಲ್ಲ. ಘಟ್ಟದ ಮೇಲೆ ಒಂದೆರಡು ಕಿ.ಮೀ. ಎತ್ತರಕ್ಕೆ ಎದ್ದಿದ್ದ ಗಾಳಿ ಈಗ ನಿಧಾನವಾಗಿ ಕೆಳಗೆ ಕೂರುತ್ತದೆ. ಮತ್ತೆ ಆ ಸೈಕಲ್ ಪಂಪು. ಇಳಿದ ಗಾಳಿ ಒತ್ತಿಸಿಕೊಂಡು ಕಾಯುತ್ತದೆ, ಕಾದಂತೆ ಹನಿಗಳು ಮತ್ತೆ ಕಾಣದ ಆವಿ ಆಗುತ್ತವೆ.

ತೀರ್ಥಹಳ್ಳಿಗೆ ಇನ್ನೂ ಒಳ್ಳೆಯ ಮಳೆ ಸಿಗುತ್ತದೆ. ಘಟ್ಟದಲ್ಲಿ ಹುಟ್ಟಿದ ಹನಿಗಳು ಹುಟ್ಟಿದಲ್ಲೇ ಬೀಳಬೇಕಾಗಿಲ್ಲ, ಗಾಳಿ ಅವನ್ನು ಸ್ವಲ್ಪ ದೂರ ಹೊತ್ತು ತರುತ್ತದೆ. ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಆ ಸಾಲವೂ ತೀರಿರುತ್ತದೆ. ಜಡಿಮಳೆ ಸೋನೆಯಾಗುತ್ತದೆ, ಸೋನೆ ತುಂತುರಾಗುತ್ತದೆ. ಚನ್ನಗಿರಿ ದಾಟಿದ ಮೇಲೆ ಬಸ್ಸಿನ ಗಾಜು ಒಣಗುತ್ತದೆ.

ಇನ್ನೊಂದು ಕಾರಣವಿದೆ, ಅದನ್ನು ಹೇಳುವವರು ಕಡಿಮೆ. ನೀರನ್ನು ಆವಿ ಮಾಡಲು ಶಾಖ ಬೇಕು. ಆವಿ ಮತ್ತೆ ಹನಿಯಾದಾಗ ಆ ಶಾಖ ಗಾಳಿಗೆ ವಾಪಸ್ ಬರುತ್ತದೆ. ಒಂದು ಕಿಲೋ ಗಾಳಿಯಲ್ಲಿ ಒಂದು ಗ್ರಾಂ ಆವಿ ಹನಿಗಟ್ಟಿದರೆ ಗಾಳಿ ಎರಡೂವರೆ ಡಿಗ್ರಿಯಷ್ಟು ಕಾಯುತ್ತದೆ. ಹನಿ ಮಳೆಯಾಗಿ ಆಗುಂಬೆಯಲ್ಲಿ ಬಿತ್ತು. ಶಾಖ ಮಾತ್ರ ಗಾಳಿಯ ಜೊತೆ ನಮ್ಮ ಕಡೆ ಬಂತು. ಮಲೆನಾಡಿಗೆ ನೀರು, ಬಯಲುಸೀಮೆಗೆ ಅದರ ಬಿಸಿ.

ಚಿತ್ರದುರ್ಗದ ಹತ್ತಿರ ಬಂದರೆ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಜುಲೈಯಲ್ಲಿ ಅವು ಭರದಿಂದ ತಿರುಗುತ್ತಿರುತ್ತವೆ. ಉಡುಪಿಯಲ್ಲಿ ತೆಂಗಿನ ಗರಿ ಅಲ್ಲಾಡಿಸಿದ ಮುಂಗಾರು ಗಾಳಿಯೇ ಇದು. ನಮಗೆ ಮಳೆ ಕೊಡದಿದ್ದರೂ ಕರೆಂಟು ಕೊಡುತ್ತದೆ.

ಚಳ್ಳಕೆರೆ: ನೀರಿದೆ, ಎತ್ತುವವರಿಲ್ಲ

ಈಗ ಅವ್ವನ ಅಂಗಳಕ್ಕೆ ಬಂದೆವು. ಜುಲೈ ಮಧ್ಯಾಹ್ನ ಇಲ್ಲಿ 30 ಡಿಗ್ರಿ, ಇಬ್ಬನಿ ಬಿಂದು 20ರ ಹತ್ತಿರ ಅಂತ ಇಟ್ಟುಕೊಳ್ಳೋಣ. ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ಆವಿ ಇದೆ. ಕರಾವಳಿಯಲ್ಲಿ ಇದ್ದದ್ದು 23. ಅಂದರೆ ನಾಲ್ಕರಲ್ಲಿ ಮೂರು ಪಾಲು ಆವಿ ಇನ್ನೂ ಗಾಳಿಯಲ್ಲೇ ಇದೆ! ಆದರೆ ಮಳೆ ನೋಡಿ. ಆಗುಂಬೆಯಲ್ಲಿ ಜುಲೈಗೆ 2,000 ದಾಟಿದರೆ, ಇಲ್ಲಿ 100 ಮಿ.ಮೀ. ತುಂಬಿದರೆ ದೊಡ್ಡ ಮಾತು. ಆವಿ ಕಾಲು ಪಾಲು ಕಡಿಮೆ, ಮಳೆ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ. ಬಯಲುಸೀಮೆಯ ಗಾಳಿಯಲ್ಲಿ ನೀರಿಲ್ಲ ಅನ್ನುವುದು ತಪ್ಪು ಕಲ್ಪನೆ. ಬಾವಿಯಲ್ಲಿ ನೀರಿದೆ, ಸೇದುವ ಕೈ ಇಲ್ಲ.

ಮೋಡದ ಬುಡದ ಲೆಕ್ಕ ಇಲ್ಲೂ ಮಾಡಿ. ಅಂತರ 10 ಡಿಗ್ರಿ, ಗುಣಿಸಿದರೆ 1,250 ಮೀಟರ್. ಅವ್ವ ನೋಡುತ್ತಿದ್ದ ಮೋಡಗಳು ನೆಲದಿಂದ ಅಷ್ಟು ಮೇಲಿದ್ದವು. ಅವುಗಳ ದಪ್ಪವೂ ಕಡಿಮೆ. ಮೇಲಿಂದ ಗಾಳಿ ಕೆಳಗೆ ಕೂರುತ್ತಿರುವಾಗ ಮೋಡ ಮೇಲೆ ಬೆಳೆಯಲು ಆಗುವುದಿಲ್ಲ, ಚಪ್ಪಟೆಯಾಗಿ ಓಡುತ್ತದೆ. ಹತ್ತು ಲಕ್ಷ ಹನಿ ಸೇರಲು ಬೇಕಾದ ಹೊತ್ತೂ ಇಲ್ಲ, ಎತ್ತರವೂ ಇಲ್ಲ. ಕಷ್ಟಪಟ್ಟು ಅರ್ಧ ಮಿಲಿಮೀಟರಿನ ಹನಿ ಆಯಿತು ಅಂತಲೇ ಅಂದುಕೊಳ್ಳಿ. ಅದು ಸೆಕೆಂಡಿಗೆ ಎರಡು ಮೀಟರ್ ಬೀಳುತ್ತದೆ. ನೆಲ ಮುಟ್ಟಲು ಹತ್ತು ನಿಮಿಷಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತು ಒಣ ಗಾಳಿಯಲ್ಲಿ ಇಳಿಯುವಷ್ಟರಲ್ಲಿ ಬಹುಪಾಲು ಆರಿಹೋಗುತ್ತದೆ. ಕೆಲವು ಸಂಜೆ ದೂರದ ಮೋಡದ ಕೆಳಗೆ ಬೂದು ಬಣ್ಣದ ಪರದೆ ಇಳಿಬಿದ್ದಂತೆ ಕಾಣುತ್ತದೆ, ಆದರೆ ಅದು ನೆಲದವರೆಗೆ ಬಂದಿರುವುದಿಲ್ಲ. ನೀವೂ ನೋಡಿರುತ್ತೀರಿ. ಅದು ಮಳೆಯೇ. ಅರ್ಧ ದಾರಿಯಲ್ಲಿ ಆವಿಯಾದ ಮಳೆ.

ಅವ್ವನಿಗೆ ನಾನು ಹೇಳಿದ್ದು ಹೀಗೆ. ‘ಅವ್ವ, ಅಕ್ಕನ ಊರಲ್ಲಿ ಸುರಿಯೋ ಮೋಡ ಇದಲ್ಲ. ಗಾಳಿ ಅದೇ, ಮೋಡ ಬೇರೆ. ಆ ಮೋಡ ಅಲ್ಲೇ ಹುಟ್ಟಿ ಅಲ್ಲೇ ತೀರುತ್ತೆ. ಇವು ಇಲ್ಲಿ ಹೊಸದಾಗಿ ಹುಟ್ಟಿದವು, ತೆಳ್ಳಗೆ.’ ಅವ್ವ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರೆ ಅವು ದೊಡ್ಡವಾಗಲಿ ಅಂತ ಏನಾದ್ರೂ ಮಾಡೋಕಾಗಲ್ವಾ?’ ಅಂದಳು.

ಇದು ಸರ್ಕಾರಗಳೂ ಕೇಳಿಕೊಂಡ ಪ್ರಶ್ನೆಯೇ. ಕರ್ನಾಟಕ 2003ರಲ್ಲಿ ‘ವರುಣ’ ಅನ್ನುವ ಹೆಸರಿನಲ್ಲಿ, 2017ರಲ್ಲಿ ‘ವರ್ಷಧಾರೆ’ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತು. ವಿಮಾನದಿಂದ ಉಪ್ಪಿನ ಕಣ ಅಥವಾ ಸಿಲ್ವರ್ ಅಯೋಡೈಡ್ ಚೆಲ್ಲುತ್ತಾರೆ. ಉಪ್ಪು ದಪ್ಪ ಹನಿ ಹುಟ್ಟಿಸುತ್ತದೆ. ಸಿಲ್ವರ್ ಅಯೋಡೈಡ್ ತಣ್ಣಗಿನ ಎತ್ತರದ ಮೋಡದಲ್ಲಿ ಮಂಜಿನ ಹರಳು ಕಟ್ಟಿಸುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ನಮ್ಮಂತೆಯೇ ಮಳೆ ನೆರಳಿನಲ್ಲಿರುವ ಸೊಲ್ಲಾಪುರದಲ್ಲಿ 2018 ಮತ್ತು 2019ರ ಮಳೆಗಾಲದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಬಿತ್ತನೆ ಸಿಕ್ಕ ಕಡೆ ಮಳೆ ಸುಮಾರು ಶೇ 18ರಷ್ಟು ಹೆಚ್ಚಾಯಿತು ಅನ್ನುವುದು ಅವರ ಲೆಕ್ಕ. ಅದು ಸಣ್ಣದೇನಲ್ಲ. ಆದರೆ ಅವರೂ ಬಿತ್ತಿದ್ದು ಆಗಲೇ ಮೇಲೆ ಬೆಳೆಯುತ್ತಿದ್ದ ಮೋಡಗಳಿಗೆ. ಕಣ ಚೆಲ್ಲಬಹುದು, ಗಾಳಿಯನ್ನು ಎತ್ತಲು ವಿಮಾನದಿಂದ ಆಗುವುದಿಲ್ಲ. ಜುಲೈಯ ಚಪ್ಪಟೆ ಮೋಡಕ್ಕೆ ಎಷ್ಟು ಬಿತ್ತಿದರೂ ಫಸಲು ಕಷ್ಟ.

ಘಟ್ಟದ ನೀರು ನಮಗೆ ಸಿಗುವ ದಾರಿ ಬೇರೆ ಇದೆ. ಬಾಬಾ ಬುಡನ್‌ಗಿರಿ ಸಾಲಿನ ಮೇಲೆ ಬಿದ್ದ ಮಳೆ ವೇದಾವತಿಯಾಗಿ ನಮ್ಮ ಜಿಲ್ಲೆಗೆ ಇಳಿದು ಬರುತ್ತದೆ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ಭದ್ರೆಯಿಂದ ಹರಿಸಿದ ನೀರೂ ಅದರಲ್ಲಿ ಸೇರಿತ್ತು. ಜನ ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಹೋಗಿದ್ದರು. ನಮ್ಮ ಕಡೆಯಿಂದ ಆಚೆಗೂ ಒಂದು ಕೊಡುಗೆ ಇದೆ. ಒಣ ಹುಲ್ಲುಗಾವಲಿನಲ್ಲಿ ಮೇಯುವ ಕುರಿಯ ಉಣ್ಣೆಯಿಂದ ಚಳ್ಳಕೆರೆ ಸೀಮೆಯಲ್ಲಿ ಕಂಬಳಿ ನೇಯುತ್ತಾರೆ. ಜಡಿಮಳೆಯಲ್ಲಿ ಗದ್ದೆಗೆ ಇಳಿಯುವವರ ತಲೆ ಮೇಲೆ ಕೊಪ್ಪೆಯಾಗುವುದು ಕಂಬಳಿಯೇ. ಅಕ್ಕನ ಮನೆಯ ಕೊಪ್ಪೆ ಅವ್ವ ಇಲ್ಲಿಂದ ಕೊಟ್ಟು ಕಳಿಸಿದ್ದು.

ಹಸ್ತ

ನಮಗೆ ಮಳೆ ಬರುವುದು ಗೋಡೆಯಿಂದಲ್ಲ, ನೆಲದಿಂದ. ಸೆಪ್ಟೆಂಬರ್ ಕಳೆಯುತ್ತಾ ಬಂದಂತೆ ಪಡುವಣ ಗಾಳಿ ಸೋಲುತ್ತದೆ. ಗಾಳಿಯಂತ್ರಗಳು ನಿಧಾನವಾಗುತ್ತವೆ. ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಬರಲು ಶುರುವಾಗುತ್ತದೆ. ಹಗಲಿಡೀ ಬಿಸಿಲಿಗೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಹಗುರಾಗಿ ತಾನೇ ಮೇಲೆ ಏಳುತ್ತದೆ. ಹನಿಗಟ್ಟಿದಾಗ ಬಿಡುವ ಶಾಖ ಈಗ ಅದನ್ನು ಇನ್ನೂ ಮೇಲೆ ಒಯ್ಯುತ್ತದೆ. ಜುಲೈಯಲ್ಲಿ ನಮಗೆ ಕೇಡಾಗಿದ್ದ ಬಿಸಿಯೇ ಈಗ ಏಣಿ. ಮೋಡ 5 ಕಿ.ಮೀ. ದಾಟಿ, 10 ದಾಟಿ ಹೂಕೋಸಿನಂತೆ ಬೆಳೆಯುತ್ತದೆ. ಮೇಲೆ ಮಂಜಿನ ಹರಳುಗಳು ಅಕ್ಕಪಕ್ಕದ ಹನಿಗಳ ಆವಿಯನ್ನು ಎಳೆದುಕೊಂಡು ಬೇಗ ಬೇಗ ದಪ್ಪವಾಗುತ್ತವೆ, ಕೆಳಗೆ ಬರುತ್ತಾ ಕರಗಿ ದಪ್ಪ ಹನಿಯಾಗುತ್ತವೆ. 1,250 ಮೀಟರ್ ಒಣ ಗಾಳಿಯನ್ನು ದಾಟಿ ನೆಲ ಮುಟ್ಟುವ ತಾಕತ್ತು ಆ ಹನಿಗಳಿಗಿದೆ.

ಆ ವರ್ಷ ಹಸ್ತ ಮಳೆ ಶುರುವಾದ ನಾಲ್ಕನೆಯ ದಿನ. ಮಧ್ಯಾಹ್ನ ಸೆಕೆ ತಡೆಯಲು ಆಗುತ್ತಿರಲಿಲ್ಲ. ಮೂರು ಗಂಟೆಗೆ ಮೂಡಣದಲ್ಲಿ ಒಂದು ಬಿಳಿ ಗುಡ್ಡೆ ಎದ್ದಿತು. ನಾಲ್ಕೂವರೆಗೆ ಅದರ ಬುಡ ಕಪ್ಪಾಯಿತು. ಆರು ಗಂಟೆಗೆ ತಣ್ಣನೆಯ ಗಾಳಿ ಧೂಳೆಬ್ಬಿಸಿಕೊಂಡು ಬಂತು, ಹಿಂದೆಯೇ ಗುಡುಗು, ಆಮೇಲೆ ದಪ್ಪ ದಪ್ಪ ಹನಿ. ಅವ್ವ ಒಣಗಲು ಹಾಕಿದ್ದ ಬಟ್ಟೆ ಎಳೆದುಕೊಂಡು ಒಳಗೆ ಓಡಿದಳು. ಒಂದೂವರೆ ಗಂಟೆ ಸುರಿಯಿತು. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಸಿಕ್ಕ ಮಳೆ.

ರಾತ್ರಿ ಅಕ್ಕನ ಫೋನ್ ಬಂತು. ಅವ್ವ ಎತ್ತಿಕೊಂಡು ಮೊದಲು ಕೇಳಿದ್ದು, ‘ನಿಮ್ಮಲ್ಲಿ ಮಳೆ ಹೆಂಗೈತೆ?’

‘ಇಲ್ಲಿ ನಾಲ್ಕು ದಿನದಿಂದ ಬಿಸಿಲಮ್ಮಾ. ಹಾಸಿಗೆ ಎಲ್ಲಾ ಅಂಗಳಕ್ಕೆ ಹಾಕಿ ಒಣಗಿಸಿದೆ’ ಅಂದಳು ಅಕ್ಕ.